ಸರ್ಕಾರಿ ಕಚೇರಿಗಳಲ್ಲಿ ಲಂಚದ ಬೇಡಿಕೆ ಮತ್ತು ಅಸೌಜನ್ಯದ ವರ್ತನೆ: ಅರ್ಜಿದಾರರು ತಿಳಿದಿರಬೇಕಾದ ಅಂಶಗಳು

ಪೀಠಿಕೆ

ಜಾತಿ ಮತ್ತು ಆದಾಯ ಪ್ರಮಾಣಪತ್ರ, ಖಾತೆ ಬದಲಾವಣೆ, ಪಿಂಚಣಿ, ಪಡಿತರ ಚೀಟಿ ಮುಂತಾದ ಸೇವೆಗಳನ್ನು ನಾಗರಿಕರು ಹಕ್ಕಿನಿಂದ ಕೇಳುತ್ತಾರೆಯೇ ಹೊರತು ಯಾರ ಅನುಗ್ರಹವನ್ನೂ ಕೋರುವುದಿಲ್ಲ. ಆದಾಗ್ಯೂ ಅರ್ಜಿಯನ್ನು ಬಾಯಿಮಾತಿನಲ್ಲಿಯೇ ಹಿಂತಿರುಗಿಸುವುದು, "ನಾಳೆ ಬನ್ನಿ" ಎಂದು ಅಲೆದಾಡಿಸುವುದು, ಹಿರಿಯರನ್ನೂ ಏಕವಚನದಲ್ಲಿ ಮಾತನಾಡಿಸುವುದು, ಕೊನೆಗೆ ಹಣ ಕೇಳುವುದು ಕೆಲವೆಡೆ ಕಂಡುಬರುತ್ತದೆ. ಅರ್ಜಿ ಸಲ್ಲಿಸಿದ್ದಕ್ಕೆ ದಾಖಲೆ ಇಲ್ಲದಿದ್ದಾಗ ಅರ್ಜಿದಾರರು ಸಿಬ್ಬಂದಿಯ ಮರ್ಜಿಗೆ ಒಳಗಾಗುತ್ತಾರೆ. ಲಂಚಕ್ಕೆ ಆಸ್ಪದ ದೊರೆಯುವುದೂ ಅಲ್ಲಿಯೇ. ಆದುದರಿಂದ ಈ ಕೆಳಗಿನ ಅಂಶಗಳನ್ನು ಗಮನಿಸುವುದು.

1. ಸ್ವೀಕೃತಿ ಮತ್ತು ಹಿಂಬರಹ

ಅರ್ಜಿ ಸಲ್ಲಿಸಿದ ದಿನವೇ ದಿನಾಂಕಸಹಿತ ಸ್ವೀಕೃತಿಯನ್ನು ಪಡೆಯತಕ್ಕದ್ದು. ಅರ್ಜಿ ಸ್ವೀಕರಿಸಲು ನಿರಾಕರಿಸಿದಲ್ಲಿ ಸ್ಪೀಡ್ ಪೋಸ್ಟ್ ಮೂಲಕ ಅಥವಾ ಸೇವೆ ಲಭ್ಯವಿದ್ದೆಡೆ ಆನ್‌ಲೈನ್ ಮೂಲಕ ಸಲ್ಲಿಸಬಹುದು. ತಿರಸ್ಕಾರಕ್ಕೆ ಕಾರಣವನ್ನು ಲಿಖಿತ ಹಿಂಬರಹದಲ್ಲಿಯೇ ಕೇಳಬೇಕು. ಶುಲ್ಕಕ್ಕೆ ಚಲನ್ ಅಥವಾ ರಸೀದಿ ಪಡೆಯಬೇಕು. ರಸೀದಿ ಇಲ್ಲದ ಯಾವುದೇ ಪಾವತಿ ಸರ್ಕಾರಿ ಶುಲ್ಕವಲ್ಲ.

2. ವಿಳಂಬವಾದಲ್ಲಿ

2012ರಲ್ಲಿ ಜಾರಿಗೆ ಬಂದ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಯಲ್ಲಿರುವ ಪ್ರತಿಯೊಂದು ಸೇವೆಗೂ ಕಾಲಮಿತಿ ನಿಗದಿಯಾಗಿದೆ. ಸ್ವೀಕೃತಿಯಲ್ಲಿರುವ 15 ಅಂಕಿಗಳ ಸಕಾಲ ಸಂಖ್ಯೆಯಿಂದ ಅರ್ಜಿಯ ಸ್ಥಿತಿಯನ್ನು ತಿಳಿಯಬಹುದು. ಅವಧಿ ಮೀರಿದಲ್ಲಿ ಅಥವಾ ಅರ್ಜಿ ತಿರಸ್ಕೃತವಾದಲ್ಲಿ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನವೊಂದಕ್ಕೆ ರೂ. 20ರಂತೆ ಗರಿಷ್ಠ ರೂ. 500 ಪರಿಹಾರ ವೆಚ್ಚ ಪಡೆಯಲು ಅವಕಾಶವಿದೆ. ಮೊತ್ತ ಅಲ್ಪವಾದರೂ ಅದನ್ನು ವಿಳಂಬಕ್ಕೆ ಕಾರಣರಾದವರಿಂದಲೇ ವಸೂಲು ಮಾಡಬಹುದಾದ್ದರಿಂದ ಹೊಣೆಗಾರಿಕೆ ನಿಶ್ಚಿತವಾಗುತ್ತದೆ.

ಕಡತ ಯಾವ ಹಂತದಲ್ಲಿದೆ, ಯಾರ ಬಳಿ ಎಷ್ಟು ದಿನ ಇತ್ತು ಎಂಬುದನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10 ಶುಲ್ಕದೊಂದಿಗೆ ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರಿಸತಕ್ಕದ್ದು.

3. ಅಸೌಜನ್ಯದಿಂದ ವರ್ತಿಸಿದಲ್ಲಿ

ಸರ್ಕಾರಿ ನೌಕರರು ಪರಿಪೂರ್ಣ ನೀತಿನಿಷ್ಠೆ ಹಾಗೂ ಕರ್ತವ್ಯನಿಷ್ಠೆಯಿಂದ ನಡೆದುಕೊಳ್ಳುವುದು ಮತ್ತು ನೌಕರರಿಗೆ ತಕ್ಕುದಲ್ಲದ ನಡತೆಯನ್ನು ತೋರದಿರುವುದು ನಡತೆ ನಿಯಮಗಳ ಮೂಲ ಅಪೇಕ್ಷೆ. ನಿಂದನೆ, ಅವಹೇಳನ ನಡೆದಾಗ ಸ್ಥಳದಲ್ಲಿ ವಾಗ್ವಾದಕ್ಕಿಳಿಯದೆ ನೌಕರರ ಹೆಸರು ಅಥವಾ ಪದನಾಮ, ದಿನಾಂಕ, ಸಮಯ, ಆಡಿದ ಮಾತು, ಹಾಜರಿದ್ದವರ ವಿವರಗಳನ್ನು ಅಂದೇ ಬರೆದಿಟ್ಟುಕೊಳ್ಳಬೇಕು. ಕಚೇರಿಯ ಮುಖ್ಯಸ್ಥರಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯುವುದು. ಜನಸ್ಪಂದನ ಸಹಾಯವಾಣಿ 1902ರಲ್ಲಿಯೂ ದೂರು ದಾಖಲಿಸಬಹುದು. "ಒರಟಾಗಿ ವರ್ತಿಸಿದರು" ಎಂಬ ಒಂದೇ ಸಾಲಿನ ದೂರಿಗಿಂತ ನಿರ್ದಿಷ್ಟ ವಿವರಗಳುಳ್ಳ ದೂರಿನ ವಿಚಾರಣೆ ಸುಲಭ.

4. ಲಂಚ ಕೇಳಿದಲ್ಲಿ

ಲಂಚ ಪಡೆಯುವ ನೌಕರರಿಗೆ ಭ್ರಷ್ಟಾಚಾರ ಪ್ರತಿಬಂಧಕ ಅಧಿನಿಯಮ, 1988ರ 7ನೇ ಪ್ರಕರಣದಡಿ 3ರಿಂದ 7 ವರ್ಷಗಳ ಕಾರಾವಾಸ ಹಾಗೂ ಜುಲ್ಮಾನೆ ಇದೆ. "ಸಾಹೇಬರಿಗೆ ಕೊಡಬೇಕು" ಎಂದು ಹಣ ಪಡೆಯುವ ಮಧ್ಯವರ್ತಿಗೂ 7ಎ ಪ್ರಕರಣದಡಿ ಇದೇ ಶಿಕ್ಷೆ.

ಹಣ ಕೊಡುವ ಮೊದಲೇ ಜಿಲ್ಲೆಯ ಲೋಕಾಯುಕ್ತ ಪೊಲೀಸರಿಗೆ ದೂರು ನೀಡಬೇಕು. (2016ರಲ್ಲಿ ರಚನೆಯಾದ ಭ್ರಷ್ಟಾಚಾರ ನಿಗ್ರಹ ದಳವನ್ನು 2022ರ ಆಗಸ್ಟ್‌ನಲ್ಲಿ ಉಚ್ಚ ನ್ಯಾಯಾಲಯ ರದ್ದುಪಡಿಸಿದ ಬಳಿಕ ಈ ತನಿಖೆ ಮತ್ತೆ ಲೋಕಾಯುಕ್ತ ಪೊಲೀಸರಿಗೆ ಸೇರಿದೆ.) ದೂರು ದಾಖಲಾದ ನಂತರ ನೋಟುಗಳ ಸಂಖ್ಯೆ ಬರೆದುಕೊಂಡು, ಅವುಗಳಿಗೆ ರಾಸಾಯನಿಕ ಪುಡಿ ಲೇಪಿಸಿ, ಪಂಚರ ಸಮಕ್ಷಮ ಬಲೆ ಬೀಸಲಾಗುತ್ತದೆ. ಆ ಹಣ ಮುಟ್ಟಿದವರ ಕೈಯನ್ನು ದ್ರಾವಣದಲ್ಲಿ ತೊಳೆದಾಗ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಹಣ ಸಿಕ್ಕಿದ ಮಾತ್ರಕ್ಕೆ ಅಪರಾಧ ಸಾಬೀತಾಗದು. ಬೇಡಿಕೆ ಇಟ್ಟದ್ದೂ ರುಜುವಾತಾಗಬೇಕೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2022ರಲ್ಲಿ ಸ್ಪಷ್ಟಪಡಿಸಿದೆ. ಆದುದರಿಂದ ಹಣ ಕೇಳಿದ ಮಾತು, ಸಂದೇಶ, ದೂರವಾಣಿ ಕರೆಗಳ ವಿವರವನ್ನು ಕಾಪಾಡಿಕೊಳ್ಳುವುದು ಅತ್ಯಗತ್ಯ.

5. ಈಗಾಗಲೇ ಹಣ ಕೊಟ್ಟಿದ್ದಲ್ಲಿ

ಇದು ಬಹುತೇಕ ಅರ್ಜಿದಾರರಿಗೆ ತಿಳಿಯದ ವಿಷಯ. 2018ರ ಜುಲೈ 26ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಲಂಚ ಕೊಡುವುದೂ 7 ವರ್ಷಗಳವರೆಗೆ ಕಾರಾವಾಸ ವಿಧಿಸಬಹುದಾದ ಅಪರಾಧ. ಬಲವಂತಕ್ಕೆ ಒಳಗಾಗಿ ಕೊಟ್ಟವರಿಗೆ ರಕ್ಷಣೆ ಇದೆ. ಆದರೆ ಕೊಟ್ಟ ದಿನದಿಂದ 7 ದಿನಗಳೊಳಗೆ ತನಿಖಾ ಸಂಸ್ಥೆಗೆ ವರದಿ ಮಾಡತಕ್ಕದ್ದು. ಪೊಲೀಸರಿಗೆ ಮುಂಚಿತವಾಗಿ ತಿಳಿಸಿ, ಅವರ ನೆರವಿಗಾಗಿ ಹಣ ನೀಡುವವರಿಗೆ ಈ ಶಿಕ್ಷೆ ಅನ್ವಯಿಸುವುದಿಲ್ಲ. "ಕೆಲಸವಾಗಲಿ, ಆಮೇಲೆ ನೋಡೋಣ" ಎಂದು ಕಾಯುವವರು ಈ ರಕ್ಷಣೆಯನ್ನು ಕಳೆದುಕೊಳ್ಳುವ ಅಪಾಯವಿದೆ.

6. ಲೋಕಾಯುಕ್ತ ಸಂಸ್ಥೆಗೆ ದೂರು

ದುರಾಡಳಿತ, ಅಧಿಕಾರ ದುರುಪಯೋಗದ ಬಗ್ಗೆ ಲೋಕಾಯುಕ್ತ ಅಧಿನಿಯಮ, 1984ರಡಿ ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರದೊಂದಿಗೆ ದೂರು ಸಲ್ಲಿಸಬಹುದು. ಲೋಕಾಯುಕ್ತರು ತಾವೇ ಶಿಕ್ಷೆ ವಿಧಿಸುವುದಿಲ್ಲ. ವಿಚಾರಣೆ ನಡೆಸಿ ಸಕ್ಷಮ ಪ್ರಾಧಿಕಾರಕ್ಕೆ ಶಿಫಾರಸು ಮಾಡುತ್ತಾರೆ. ಉದ್ದೇಶಪೂರ್ವಕ ಸುಳ್ಳು ದೂರು ಶಿಕ್ಷಾರ್ಹ.

ವಿಶೇಷ ಸೂಚನೆ

ದೂರು ನೀಡಿದರೆ ಕೆಲಸ ನಿಂತುಹೋಗುವುದೆಂಬ ಭಯ ಸಹಜ. ಆದರೆ ದೂರು ನೀಡಿದ್ದು ಅರ್ಜಿ ತಿರಸ್ಕರಿಸಲು ಕಾರಣವಾಗದು. ನಿಗದಿತ ಕಾಲಮಿತಿಯೂ ಮೇಲ್ಮನವಿಯ ಹಕ್ಕೂ ಹಾಗೆಯೇ ಉಳಿಯುತ್ತವೆ. ತನಿಖೆಯಲ್ಲಿ ಕಡತವನ್ನು ವಶಪಡಿಸಿಕೊಳ್ಳುವ ಸಂಭವವಿರುವುದರಿಂದ ಅರ್ಜಿ, ಲಗತ್ತು ದಾಖಲೆಗಳು ಹಾಗೂ ಸ್ವೀಕೃತಿಯ ಒಂದು ಪ್ರತಿಯನ್ನು ಅರ್ಜಿದಾರರು ತಪ್ಪದೇ ತಮ್ಮ ಬಳಿ ಇರಿಸಿಕೊಳ್ಳತಕ್ಕದ್ದು.