ಗಾಜಿನ ಎಳೆಯಲ್ಲಿ ಬೆಳಕು: ಕೊಪ್ಪಳದವರೆಗಿನ ದಾರಿ

ಕೊಪ್ಪಳದಿಂದ ಗಂಗಾವತಿಗೆ ರಸ್ತೆಯಲ್ಲಿ ಸುಮಾರು 45 ಕಿ.ಮೀ. ಅಷ್ಟುದ್ದದ ಇಂದಿನ ಆಪ್ಟಿಕಲ್ ಫೈಬರಿನಲ್ಲಿ 1550 ನ್ಯಾನೊಮೀಟರ್ ತರಂಗಾಂತರದ ಬೆಳಕು ಹೊರಟರೆ, ಕಿ.ಮೀ.ಗೆ 0.2 ಡೆಸಿಬಲ್‌ನಂತೆ 9 ಡೆಸಿಬಲ್ ಕಳೆದು, ಎಂಟರಲ್ಲೊಂದು ಪಾಲು ಆಚೆ ತುದಿ ಮುಟ್ಟುತ್ತದೆ. 1960ರ ದಶಕದ ಎಳೆಗಳಲ್ಲಿ ನಷ್ಟ ಕಿ.ಮೀ.ಗೆ 1,000 ಡೆಸಿಬಲ್‌ನಷ್ಟಿತ್ತು. 20 ಮೀಟರ್ ಸಾಗುವಷ್ಟರಲ್ಲೇ ಉಳಿಯುತ್ತಿದ್ದುದು ನೂರರಲ್ಲೊಂದು ಪಾಲು. ಈ ನಡುವಿನ ಚರಿತ್ರೆಯನ್ನು ಗಾಜು ಶುದ್ಧವಾದ ಕಥೆಯೆಂದೇ ಹೇಳುವ ರೂಢಿಯಿದೆ. ಅದು ಅರ್ಧ ನಿಜ. ಬೆಳಕು ಸೋರದಂತೆ ಹಿಡಿದಿಡುವುದು ಈ ವಿದ್ಯೆಯ ಮೊದಲ ತೊಡಕಾಗಿತ್ತು. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳ ಮಟ್ಟಿಗೆ ಕೊನೆಯ ತೊಡಕೂ ಅದೇ.

ಬಾಗಿ ಬೀಳುವ ನೀರಿನ ಧಾರೆಯೊಳಗೆ ಬೆಳಕೂ ಬಾಗಿ ಹೋಗುವುದನ್ನು ಜಿನೀವಾದ ಡೇನಿಯಲ್ ಕೊಲಾಡನ್ 1841ರಲ್ಲೇ ತೋರಿಸಿದ್ದ. ಸಂಪೂರ್ಣ ಆಂತರಿಕ ಪ್ರತಿಫಲನ ಗೊತ್ತಿದ್ದೂ ಅದರಿಂದ ದೂರಸಂಪರ್ಕ ಹುಟ್ಟಲಿಲ್ಲ. ಬರಿಗಾಜಿನ ಎಳೆಗೆ ಎಣ್ಣೆಯೋ ಪಕ್ಕದ ಎಳೆಯೋ ತಗುಲಿದಲ್ಲೆಲ್ಲ ಬೆಳಕು ಸೋರುತ್ತಿತ್ತು. 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಎರಡು ಬರಹ ಬಂದವು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಮತ್ತು ಹೆರಾಲ್ಡ್ ಹಾಪ್ಕಿನ್ಸ್ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಿದ್ದರು. ಡಚ್ ವಿಜ್ಞಾನಿ ವ್ಯಾನ್ ಹೀಲ್ ಎಳೆಗೆ ಕಡಿಮೆ ವಕ್ರೀಭವನ ಸೂಚ್ಯಂಕದ ಹೊದಿಕೆ ತೊಡಿಸಿದ್ದರು. ಹೆಸರು ಬಂದದ್ದು ಮೊದಲಿನದಕ್ಕೆ. ಸೋರಿಕೆ ತಡೆದದ್ದರಿಂದ ತೂಕ ಎರಡನೆಯದಕ್ಕೇ ಹೆಚ್ಚು. ಇನ್ನು ಗಾಜಿನ ಕಲ್ಮಶ ತೆಗೆದರೆ ನಷ್ಟವನ್ನು ಕಿ.ಮೀ.ಗೆ 20 ಡೆಸಿಬಲ್‌ಗೆ ಇಳಿಸಬಹುದೆಂದು ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್ಹಮ್ ವಾದಿಸಿದ್ದು 1966ರಲ್ಲಿ. ಅಮೆರಿಕದ ಕಾರ್ನಿಂಗ್ ಕಂಪನಿ ಅದನ್ನು 1970ರಲ್ಲಿ ಸಾಧಿಸಿತು. 1979ಕ್ಕೆ ಜಪಾನಿನವರು 0.2ಕ್ಕೆ ಮುಟ್ಟಿಸಿದರು. ಗಾಜಿನ ಕೆಲಸ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು. ಬೆಳಕನ್ನು ಹಿಡಿದಿಡುವ ಕೆಲಸ ಮುಗಿಯಲಿಲ್ಲ.

ಶಾಲೆಯ ಪುಸ್ತಕದಲ್ಲಿ ಕಾಣುವ, ಗೋಡೆಯಿಂದ ಗೋಡೆಗೆ ಪುಟಿಯುವ ಕಿರಣದ ಚಿತ್ರ ದಪ್ಪ ಎಳೆಗಷ್ಟೇ ಸರಿ. ಇಂದು ನೆಲದಡಿ ಹಾಕುವ ಫೈಬರಿನ ತಿರುಳು ಸುಮಾರು 9 ಮೈಕ್ರೊಮೀಟರ್, ಎಂದರೆ ತರಂಗಾಂತರದ ಆರೇಳು ಪಟ್ಟು. ಅಲ್ಲಿ ಬೆಳಕು ಒಂದೇ ವಿನ್ಯಾಸದ ಅಲೆಯಾಗಿ ಸಾಗುತ್ತದೆ. ಅಲೆಯ ಅಂಚು ಹೊದಿಕೆಯೊಳಕ್ಕೂ ಚಾಚಿರುತ್ತದೆ. ಎಳೆ ಬಾಗಿದಾಗ ಹೊರಮಗ್ಗುಲಿನ ಅಂಚು ಉಳಿದ ಅಲೆಯ ಜೊತೆಗಿರಲು ಹೊದಿಕೆಯಲ್ಲಿ ಬೆಳಕಿಗಿರುವ ವೇಗವನ್ನೇ ಮೀರಬೇಕು. ಅದು ಆಗದ ಮಾತು. ಆ ಪಾಲು ಕಳಚಿಕೊಂಡು ಹೋಗುತ್ತದೆ. 1550ರ ಅಲೆ ಹೆಚ್ಚು ಹರಡಿಕೊಂಡಿರುವುದರಿಂದ ಬಾಗಿನಲ್ಲಿ 1310ರ ಅಲೆಗಿಂತ ಹೆಚ್ಚು ಸೋರುತ್ತದೆ. ಎರಡೂ ತರಂಗಾಂತರಗಳಲ್ಲಿ ಅಳೆದು ಹೋಲಿಸಿ ಬಾಗು ಎಲ್ಲಿದೆಯೆಂದು ಹಿಡಿಯುವುದು ಈ ಗುಣದಿಂದಲೇ. ತಂತ್ರಜ್ಞನಿಗೆ ಅಲೆಯ ಸಿದ್ಧಾಂತ ಏಕೆ ಬೇಕು ಎನ್ನುವವರಿಗೆ ಇಷ್ಟೇ ಉತ್ತರ ಸಾಕು.

ಈ ಎಳೆಯೇ ಹಳ್ಳಿಗಳಿಗೂ ಬರುತ್ತಿದೆ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ್ದು 2011ರ ಅಕ್ಟೋಬರಿನಲ್ಲಿ. ಮುಂದೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರಾಯಿತು. ಕೈಯಲ್ಲಿ ಮೊಬೈಲ್ ಇರುವಾಗ ತಂತಿ ಏಕೆ ಎಂಬ ಪ್ರಶ್ನೆ ಸಹಜವೇ. ಆದರೆ ರೇಡಿಯೊ ಅಲೆಯ ಓಟ ಫೋನಿನಿಂದ ಟವರಿನವರೆಗೆ. ಟವರಿನಾಚೆಗೆ ಭಾರೀ ದತ್ತಾಂಶ ಹೊರಲು ಫೈಬರಿಗೆ ಸಮನಾದದ್ದಿಲ್ಲ. ಮೊದಲು ಕೇಬಲ್ ಮುಟ್ಟಲಿ, ಗುಣಮಟ್ಟ ಆಮೇಲೆ ನೋಡೋಣ ಎಂಬ ವಾದ ಇನ್ನೊಂದು. ಒಂದೇ ಸಾಲಿನ ಕೇಬಲ್ ನಡುವೆ ತುಂಡಾದರೆ ಮುಂದಿನ ಊರುಗಳೆಲ್ಲ ಕತ್ತಲು. 2023ರಲ್ಲಿ ಮಂಜೂರಾದ ಪರಿಷ್ಕೃತ ಯೋಜನೆ ಎರಡು ಕಡೆಯಿಂದಲೂ ದಾರಿಯಿರುವ ಉಂಗುರ ಜೋಡಣೆಗೆ ಹೊರಳಿರುವುದು ಈ ವಾದಕ್ಕೆ ಸಾಕಷ್ಟು ಉತ್ತರ. ಹಾಕಿದ ಕಿ.ಮೀ. ಎಷ್ಟೆಂದು ಎಣಿಸುವುದರ ಜೊತೆಗೆ, ಪ್ರತಿ ಬೆಸುಗೆಯಲ್ಲಿ, ಪ್ರತಿ ಬಾಗಿನಲ್ಲಿ ಕಳೆದ ಡೆಸಿಬಲ್ ಎಷ್ಟೆಂಬ ಲೆಕ್ಕವೂ ಪಂಚಾಯಿತಿಯ ಕೈಗೆ ಬರಬೇಕು. ರಸ್ತೆಗೋ ಪೈಪಿಗೋ ಜೆಸಿಬಿ ಇಳಿಸುವವರು, ಕೇಬಲ್ ತುಂಡಾಗದಿರಲೆಂದೇ 2023ರ ಮಾರ್ಚ್‌ನಲ್ಲಿ ಬಂದ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್‌ನಲ್ಲಿ ಮೊದಲು ವಿಚಾರಿಸಿ, ಆಮೇಲೆ ಅಗೆಯಲಿ.