ಕಾರವಾರಕ್ಕೆ ಬಂದ ಸೋವಿಯತ್ ಸಮುದ್ರಬಲ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಕಾರವಾರಕ್ಕೆ ಪ್ರವಾಸ ಹೋದವರು ಅಲ್ಲಿನ ಟಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ‘ಚಪಲ’ ಎಂಬ ಕ್ಷಿಪಣಿ ದೋಣಿಯನ್ನು ನೋಡಿರುತ್ತಾರೆ. 1971ರ ಯುದ್ಧದಲ್ಲಿ ಕರಾಚಿಯ ಮೇಲೆ ದಾಳಿ ಮಾಡಿದ್ದು ಇದೇ ಎಂದು ಹೇಳುವವರುಂಟು. ಆದರೆ ಚಪಲ ನಮ್ಮ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಕರಾಚಿಗೆ ಹೋದವು ಇದರ ಹಿರಿಯ ಸೋದರಿಯರಾದ ನಿಪಾತ್, ನಿರ್ಘಾತ್, ವೀರ್ ಮೊದಲಾದವು. ಎಲ್ಲವೂ ಸೋವಿಯತ್ ಒಕ್ಕೂಟದಲ್ಲಿ ತಯಾರಾದವು.

ಸೋವಿಯತ್ ನೌಕಾಪಡೆಯ ಮೊದಲ ಕಾಲದ ಯೋಚನೆ ಈ ಪುಟ್ಟ ದೋಣಿಯಲ್ಲಿದೆ. ಅಮೆರಿಕದ ಬಳಿ ವಿಮಾನವಾಹಕ ನೌಕೆಗಳ ಸಾಲೇ ಇತ್ತು. ಸೋವಿಯತ್ ಬಳಿ ಒಂದೂ ಇರಲಿಲ್ಲ. ಹೀಗಾಗಿ ಅಗ್ಗದ ದೋಣಿಗೆ ದೊಡ್ಡ ಕ್ಷಿಪಣಿ ಕೂರಿಸಿ ತೀರ ಕಾಯುವ ಉಪಾಯ ಹೂಡಿದರು. 1967ರಲ್ಲಿ ಈಜಿಪ್ಟಿನ ಇಂಥ ದೋಣಿಗಳು ಇಸ್ರೇಲಿನ ‘ಐಲಾತ್’ ಸಮರನೌಕೆಯನ್ನು ಮುಳುಗಿಸಿದಾಗ ಜಗತ್ತು ಬೆರಗಾಯಿತು. ದೂರ ಹೋಗಲು ಮಾತ್ರ ಇವುಗಳಿಗೆ ತ್ರಾಣವಿರಲಿಲ್ಲ. ಭಾರತ ಕೊಂಡ ದೋಣಿಗಳನ್ನು ಕೋಲ್ಕತ್ತದಿಂದ ಮುಂಬೈಗೆ ಬೇರೆ ಹಡಗುಗಳಿಗೆ ಕಟ್ಟಿ ಎಳೆದು ತರಬೇಕಾಯಿತು.

ತೀರದ ಪಡೆಯನ್ನು ಮಹಾಸಾಗರಕ್ಕೆ ಕೊಂಡೊಯ್ದವರು ಅಡ್ಮಿರಲ್ ಸೆರ್ಗೆಯ್ ಗಾರ್ಷ್ಕೋವ್. 1956ರಿಂದ 1985ರವರೆಗೆ, ಕ್ರುಶ್ಚೇವ್‌ನಿಂದ ಗೊರ್ಬಚೆವ್‌ವರೆಗೆ ನಾಯಕರು ಬದಲಾದರೂ ನೌಕಾಪಡೆಯ ಚುಕ್ಕಾಣಿ ಇವರ ಕೈಯಲ್ಲೇ ಇತ್ತು. 1970ರ ‘ಒಕಿಯಾನ್’ ಕವಾಯತಿನಲ್ಲಿ ಸುಮಾರು 200 ನೌಕೆಗಳು ಹಲವು ಸಾಗರಗಳಲ್ಲಿ ಒಮ್ಮೆಗೇ ಇಳಿದವು. 1971ರ ಡಿಸೆಂಬರಿನಲ್ಲಿ ಅಮೆರಿಕ ‘ಎಂಟರ್‌ಪ್ರೈಸ್’ ನೌಕೆಯನ್ನು ಬಂಗಾಳ ಕೊಲ್ಲಿಗೆ ಅಟ್ಟಿದಾಗ, ಅದರ ಬೆನ್ನು ಹತ್ತಿದ್ದು ಸೋವಿಯತ್ತಿನ ಪೆಸಿಫಿಕ್ ನೌಕಾಪಡೆ. 1980ರ ದಶಕದ ಹೊತ್ತಿಗೆ ಖಂಡಾಂತರ ಕ್ಷಿಪಣಿ ಹೊತ್ತ ಜಲಾಂತರ್ಗಾಮಿಗಳೇ 60ಕ್ಕೂ ಹೆಚ್ಚು.

ಇಷ್ಟು ಬಲವಿದ್ದರೂ ಭೂಗೋಳ ಕೈಕಟ್ಟಿತ್ತು. ಉತ್ತರ, ಬಾಲ್ಟಿಕ್, ಕಪ್ಪು ಸಮುದ್ರ, ಪೆಸಿಫಿಕ್ ಎಂದು ಪಡೆ ನಾಲ್ಕು ಹೋಳು. ಒಂದಕ್ಕೆ ಇನ್ನೊಂದು ನೆರವಾಗಬೇಕಾದರೆ ತಿಂಗಳ ದಾರಿ. ಕಪ್ಪು ಸಮುದ್ರದ ಬಾಗಿಲ ಕೀಲಿಯಂತೂ ಟರ್ಕಿಯ ಬಳಿ. 1936ರ ಮೊಂತ್ರೋ ಒಪ್ಪಂದದ ತೊಡಕು ತಪ್ಪಿಸಿಕೊಳ್ಳಲೆಂದೇ ಸೋವಿಯತ್ತರು ತಮ್ಮ ವಿಮಾನವಾಹಕಗಳನ್ನು ‘ಕ್ರೂಸರ್’ ಎಂದು ಕರೆದರು! ದೂರದ ಸಾಗರಗಳಲ್ಲಿ ಎರವಲು ಬಂದರುಗಳೇ ಗತಿ. ಸೊಮಾಲಿಯಾ 1977ರಲ್ಲಿ ಹೊರಹಾಕಿತು. ವಿಯೆಟ್ನಾಮಿನ ಕಾಮ್ ರಾನ್ ನೆಲೆಯನ್ನು ರಷ್ಯಾ 2002ರಲ್ಲಿ ತಾನೇ ಬಿಟ್ಟಿತು.

ಅಂಥ ‘ಕ್ರೂಸರ್’ಗಳಲ್ಲೊಂದು 1987ರಲ್ಲಿ ಸೇವೆಗೆ ಸೇರಿದ ‘ಬಾಕು’. ಮುಂದೆ ಅದಕ್ಕೆ ಗಾರ್ಷ್ಕೋವ್ ಅವರ ಹೆಸರನ್ನೇ ಇಟ್ಟರು. 1991ರಲ್ಲಿ ಒಕ್ಕೂಟ ಒಡೆದಾಗ ಅದು ಹುಟ್ಟಿದ ನಿಕೊಲಾಯೆವ್ ಕಾರ್ಖಾನೆ ಉಕ್ರೇನಿನ ಪಾಲಾಯಿತು. ಸಾಕಲಾರದ ರಷ್ಯಾ 2004ರಲ್ಲಿ ನೌಕೆಯನ್ನು ಭಾರತಕ್ಕೆ ಕೊಡಲು ಒಪ್ಪಿತು. ನವೀಕರಣ ನಡೆದದ್ದು ಜಲಾಂತರ್ಗಾಮಿ ಕಟ್ಟಿ ರೂಢಿಯಿದ್ದ ಸೆವೆರೊದ್ವಿನ್ಸ್ಕ್‌ನಲ್ಲಿ. 2008ಕ್ಕೆ ಮುಗಿಯಬೇಕಿದ್ದ ಕೆಲಸ 2013ಕ್ಕೆ ಮುಗಿಯಿತು. ಸುಮಾರು 97 ಕೋಟಿ ಡಾಲರಿನ ಲೆಕ್ಕ 235 ಕೋಟಿಗೆ ಏರಿತು. 2012ರ ಪರೀಕ್ಷಾ ಯಾನದಲ್ಲಿ 8 ಬಾಯ್ಲರುಗಳ ಪೈಕಿ 7 ಕೆಟ್ಟವು. ಸಮುದ್ರಬಲದ ಬೇರು ಕಾರ್ಖಾನೆಯಲ್ಲಿರುತ್ತದೆ ಎಂಬುದಕ್ಕೆ ಭಾರತ ತೆತ್ತ ಈ ಬಿಲ್ಲೇ ಸಾಕ್ಷಿ.

‘ವಿಕ್ರಮಾದಿತ್ಯ’ನಾಗಿ ಅದು 2014ರ ಜನವರಿಯಲ್ಲಿ ಕಾರವಾರಕ್ಕೆ ಬಂತು. ಅದರ ಮೂವರು ಸೋದರಿಯರಲ್ಲಿ ‘ಕೀವ್’, ‘ಮಿನ್ಸ್ಕ್’ ಚೀನಾದಲ್ಲಿ ವಿಹಾರತಾಣಗಳಾದವು. ‘ನೊವೊರೊಸಿಸ್ಕ್’ ಗುಜರಿಗೆ ಹೋಯಿತು. ರಷ್ಯಾಕ್ಕೆ ಉಳಿದ ಒಂದೇ ವಿಮಾನವಾಹಕ ‘ಕುಜ್ನೆತ್ಸೊವ್’. 2018ರಲ್ಲಿ ಅದರ ದುರಸ್ತಿ ನಡೆದಿದ್ದ ತೇಲುಕಟ್ಟೆಯೇ ಮುಳುಗಿತು, ಮರುವರ್ಷ ನೌಕೆಯಲ್ಲಿ ಬೆಂಕಿ ಬಿತ್ತು.

ಸೋವಿಯತ್ತರು ಊರೂರು ಅಲೆದು ಹುಡುಕಿದ್ದ, ಹಿಮಗಟ್ಟದ ಆಳ ಬಂದರು ವಿಕ್ರಮಾದಿತ್ಯನಿಗೆ ಕಾರವಾರದಲ್ಲಿ ಸಿಕ್ಕಿತು. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ಯೋಜನೆಯ ಈ ನೆಲೆ 2005ರಲ್ಲಿ ‘ಕದಂಬ’ ಎಂಬ ಹೆಸರಿನಿಂದ ಆರಂಭವಾಯಿತು. ಅದಕ್ಕಾಗಿ ಅರಗಾ ಸುತ್ತಲಿನ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಮೀನುಗಾರಿಕೆಯ ದಂಡೆ ಬಿಟ್ಟು ಎದ್ದವು. ವಿಕ್ರಮಾದಿತ್ಯ ಬಂದು ಲಂಗರು ಹಾಕಿದಾಗಲೂ ಅವರಲ್ಲಿ ಹಲವರ ಪರಿಹಾರದ ವ್ಯಾಜ್ಯ ಮುಗಿದಿರಲಿಲ್ಲ.