ತಂಗಡಿ ಕುಲದ ಅಕ್ಕತಂಗೀರು

ಹೋದ ಭಾನುವಾರ ಬೆಂಗಳೂರಿಂದ ನಮ್ಮ ಚಿಕ್ಕಮ್ಮನ ಸೊಸೆ ಒಂದು ಫೋಟೋ ಕಳಿಸಿದ್ಲು. ಹಳದಿ ಹೂವು, ಉದ್ದುದ್ದ ಕಾಯಿ. ಅದರ ಕೆಳಗೆ, “ಅಕ್ಕಾ, ನಮ್ಮನೆ ಪಕ್ಕದ ಖಾಲಿ ಸೈಟಿನ ತುಂಬಾ ತಂಗಡಿ ಬಂದೈತೆ. ಅತ್ತೆಗೆ ಶುಗರ್ ಅಲ್ವಾ, ಕಾಯಿ ಹೂವು ಎರಡೂ ಹಾಕಿ ಕಷಾಯ ಮಾಡಿ ಕೊಡ್ಲಾ?” ಅಂತ ಬರ್ದಿದ್ಲು.

ಫೋಟೋ ದೊಡ್ಡದು ಮಾಡ್ಕೊಂಡು ನೋಡ್ದೆ. ಎದೆ ಧಸಕ್ ಅಂತು. ಅದು ತಂಗಡಿ ಅಲ್ಲ. ಬರೆಯೋಕೆ ಕೂತ್ರೆ ತಡ ಆಗುತ್ತೆ ಅಂತ ಫೋನೇ ಮಾಡಿದೆ. “ಒಲೆ ಮೇಲೆ ಇಟ್ಟಿದ್ರೆ ಮೊದ್ಲು ಇಳಿಸಮ್ಮ. ಮಗು ಕೈಗೆ ಆ ಕಾಯಿ ಕೊಟ್ಟಿಲ್ಲ ತಾನೆ?” ಅಂದೆ. ಇನ್ನೂ ಇಟ್ಟಿರಲಿಲ್ಲ, ಪುಣ್ಯ. “ಯಾಕಕ್ಕಾ, ಹೂವು ಒಂದೇ ಥರ ಐತಲ್ಲ?” ಅಂದ್ಲು.

ಅವಳು ಕೇಳಿದ್ದು ತಪ್ಪಲ್ಲ ಕಣ್ರಮ್ಮ. ಹೂವು ನಿಜವಾಗ್ಲೂ ಒಂದೇ ಥರ ಐತೆ. ದೊಡ್ಡ ದೊಡ್ಡ ವಿಜ್ಞಾನಿಗಳಿಗೇ ಈ ಕುಲದ ಗಿಡಗಳನ್ನ ಬೇರೆ ಬೇರೆ ಮಾಡಿ ಕೂರ್ಸೋಕೆ ಇನ್ನೂರು ವರ್ಷಕ್ಕೂ ಜಾಸ್ತಿ ಹಿಡೀತು. ಆ ಕತೆ ಈ ಸಲ ಹೇಳೋಣ ಅಂತ ಕೂತಿದೀನಿ.

ನಮ್ಮ ಅಲೀಪುರದಿಂದ ಯಾವ ಕಡೆ ಹೊರಟ್ರೂ ಕಲ್ಲುಗುಡ್ಡ, ಬೀಳು ಭೂಮಿ. ಅಲ್ಲೆಲ್ಲ ತಂಗಡಿ ಇದ್ದೇ ಇರುತ್ತೆ. ಮಳೆ ಇಲ್ದಿದ್ರೂ ಹೂ ಬಿಡುತ್ತೆ, ಮೇಕೆ ಕೂಡ ಬಾಯಿ ಹಾಕಲ್ಲ. ಅದಕ್ಕೇ ಉಳ್ಕೊಂಡೈತೆ. ನಮ್ಮವ್ವ (ಅಂದ್ರೆ ನಮ್ಮಪ್ಪನ ತಾಯಿ) ಹೂವನ್ನ ನೆರಳಲ್ಲಿ ಒಣಗಿಸಿ, ಹೆಸರುಕಾಳಿನ ಜೊತೆ ಬೀಸಿ, ನಮಗೆಲ್ಲ ಮೈಗೆ ಹಚ್ಚಿ ನೀರು ಹಾಕೋರು. ಬೇಸಿಗೇಲಿ ಹೊಲಕ್ಕೆ ಹೋಗೋರು ಸೊಪ್ಪನ್ನ ತಲೆ ಮೇಲಿಟ್ಟು ಅದರ ಮೇಲೆ ಟವಲ್ ಸುತ್ಕೊಳ್ಳೋರು, ತಲೆಗೆ ತಂಪು ಅಂತ. ಕಡ್ಡಿ ಹಲ್ಲುಜ್ಜೋಕೆ. ಸೊಪ್ಪು ಗದ್ದೆಗೆ ತುಳಿಯೋ ಗೊಬ್ಬರ. ನಾವು ತಂಗಡಿ ಅನ್ನೋದನ್ನ ಬೇರೆ ಕಡೆ ತಂಗಟೆ, ಆವರಿಕೆ ಅಂತಾರೆ. ತೆಲುಗಲ್ಲಿ ತಂಗೇಡು. ತೆಲಂಗಾಣದೋರು ಇದನ್ನೇ ರಾಜ್ಯದ ಹೂವು ಮಾಡ್ಕೊಂಡವ್ರೆ, ಬತುಕಮ್ಮ ಹಬ್ಬಕ್ಕೆ ಈ ಹೂವು ಬೇಕೇ ಬೇಕು. ಶ್ರೀಲಂಕಾದಲ್ಲಿ ಒಣಗಿಸಿ ಟೀ ಥರ ಕುಡೀತಾರೆ. ನಮ್ಮ ಪಕ್ಕದ್ಮನೆ ಖಾಲಾ ಬಾಯಲ್ಲಿ ಇದು ತರ್ವರ್.

ಬರೀ ಮದ್ದಿಗೆ ಅಂದ್ಕೋಬೇಡಿ. ಟಿಪ್ಪು ಸುಲ್ತಾನ್ ಸತ್ತ ಮಾರನೇ ವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟರನ್ನ ಕಂಪನಿ ಸರ್ಕಾರ ಮೈಸೂರು ಸೀಮೆ ನೋಡ್ಕೊಂಡು ಬಾ ಅಂತ ಕಳಿಸ್ತು. ಏನು ಬೆಳೀತಾರೆ, ಏನು ಮಾಡ್ತಾರೆ ಅಂತ ಊರೂರು ಕೇಳಿ ಬರ್ಕೊಂಡ್ರು. ಅದು 1807ರಲ್ಲಿ ಮೂರು ಸಂಪುಟದ ಪುಸ್ತಕ ಆಯ್ತು. ಅದರಲ್ಲಿ ನಮ್ಮ ಪಕ್ಕದ ಮಧುಗಿರಿ ಆಚೆಯ ಚನ್ನರಾಯನದುರ್ಗದ ಕಡೆ ಉಕ್ಕು ಮಾಡೋ ವಿಷಯ ಐತೆ. ಮಣ್ಣಿನ ಮೂಸೆ ಒಳಗೆ ಕಬ್ಬಿಣದ ತುಂಡು, ಅದರ ಜೊತೆ ತಂಗಡಿ ಕಡ್ಡಿ, ಹಸಿ ಎಲೆ ಇಟ್ಟು, ಬಾಯಿಗೆ ಮಣ್ಣು ಮೆತ್ತಿ, ಕುಲುಮೇಲಿ ಕಾಯಿಸೋರು. ಒಳಗಡೆ ಕಡ್ಡಿ ಇದ್ದಿಲಾಗಿ, ಆ ಇದ್ದಿಲಿನ ಸತ್ವ ಕಬ್ಬಿಣಕ್ಕೆ ಸೇರಿ ಅದು ಗಟ್ಟಿ ಉಕ್ಕು ಆಗೋದು. ಹೊರದೇಶದೋರು ಇಂಥ ಉಕ್ಕನ್ನ ‘ವೂಟ್ಜ್’ ಅಂತ ಕರೆದದ್ದು ನಮ್ಮ ‘ಉಕ್ಕು’ ಪದದಿಂದಲೇ ಅಂತಾರೆ. ಕತ್ತಿಗೆ ಹೆಸರು ಬಂತು, ತಂಗಡಿಗೆ ಯಾರೂ ಹೆಸರು ಕೊಡಲಿಲ್ಲ.

ಚರ್ಮದ ಕೆಲಸಕ್ಕೂ ಇದೇ. ತಂಗಡಿ ತೊಗಟೇಲಿ ಭಾರಿ ಒಗರು. ಆ ಒಗರಿಂದಾನೇ ಚರ್ಮ ಹದಕ್ಕೆ ಬರೋದು. ದಕ್ಷಿಣ ಭಾರತದಿಂದ ಹಡಗು ಹತ್ತಿ ಹೋಗ್ತಿದ್ದ ಚರ್ಮ ಎಷ್ಟೋ ಕಾಲ ಈ ತೊಗಟೇಲಿ ಹದ ಆಗಿದ್ದೇ. ಮೊದಲನೇ ಮಹಾಯುದ್ಧದಲ್ಲಿ ಸಿಪಾಯಿಗಳ ಬೂಟಿಗೂ ಅದು ಹೋಯ್ತು. ಆಮೇಲೆ ದಕ್ಷಿಣ ಆಫ್ರಿಕಾದಿಂದ ವಾಟಲ್ ಅನ್ನೋ ಮರದ ತೊಗಟೆ ಬಂತು, ತಂಗಡಿ ಕೇಳೋರು ಕಮ್ಮಿ ಆದ್ರು. ಅವ್ವ ಚಿಕ್ಕವರಿದ್ದಾಗ ತೊಗಟೆ ಸುಲಿದು ಕಟ್ಟು ಕಟ್ಟಿ ಸಂತೆಗೆ ಹೊತ್ಕೊಂಡು ಹೋಗಿದ್ದು ನೆನೆಸ್ಕೊಳ್ಳೋರು. ಬೆರಳೆಲ್ಲ ಕಂದು ಬಣ್ಣ ಆಗಿ, ಊಟ ಮಾಡೋವಾಗ ಅನ್ನವೂ ಒಗರು ಅನ್ಸೋದಂತೆ.

ಈಗ ಹೆಸರಿನ ಕತೆ. ಸ್ವೀಡನ್ ದೇಶದ ಲಿನೇಯಸ್ ಅನ್ನೋರು 1753ರಲ್ಲಿ ಲೋಕದ ಗಿಡಗಳಿಗೆಲ್ಲ ಎರಡೆರಡು ಪದದ ಹೆಸರಿಟ್ಟು ಪುಸ್ತಕ ಮಾಡಿದ್ರು. ನಮ್ಮ ಮನೆಹೆಸರು, ಕೂಗೋ ಹೆಸರು ಇದ್ದಂಗೆ. ತಂಗಡಿಗೆ ಕ್ಯಾಸಿಯಾ ಆರಿಕ್ಯುಲೇಟ ಅಂದ್ರು. ಆರಿಕ್ಯುಲೇಟ ಅಂದ್ರೆ ಪುಟ್ಟ ಕಿವಿ ಇರೋದು. ತಂಗಡಿ ಎಲೆ ಬುಡದಲ್ಲಿ ಕಿವಿ ಹಾಲೆ ಥರ ಒಂದು ದುಂಡನೇ ಎಲೆ ಕಾಂಡಕ್ಕೆ ಅಂಟ್ಕೊಂಡಿರುತ್ತೆ, ನೋಡಿದೀರಾ? ಅದೇ ಆ ಕಿವಿ. ಆದ್ರೆ ಅವರು ಕಕ್ಕೆ ಮರವನ್ನೂ ಸೋನಾಮುಖಿಯನ್ನೂ ತಗಚೆಯನ್ನೂ ಅದೇ ಕ್ಯಾಸಿಯಾ ಮನೇಲಿ ಕೂರಿಸಿಬಿಟ್ರು. ಮಾರನೇ ವರ್ಷವೇ, 1754ರಲ್ಲಿ, ಇಂಗ್ಲೆಂಡಿನ ಫಿಲಿಪ್ ಮಿಲ್ಲರ್ ಅನ್ನೋ ತೋಟದವರು, ಇಲ್ಲ, ಸೆನ್ನಾ ಬೇರೆ ಮನೆ ಅಂದ್ರು. ಯಾರೂ ಹೆಚ್ಚು ಕಿವಿಗೆ ಹಾಕ್ಕೊಳ್ಳಲಿಲ್ಲ. ಕಲ್ಕತ್ತೆ ಕಂಪನಿ ತೋಟ ನೋಡ್ಕೊಂಡಿದ್ದ ವಿಲಿಯಂ ರಾಕ್ಸ್‌ಬರ್ಗ್ ತಂಗಡಿಯನ್ನ ಸೆನ್ನಾ ಅಂತಲೇ ಬರ್ದಿಟ್ರು. ಅವರು ಸತ್ತು ಹದಿನೇಳು ವರ್ಷ ಆದ್ಮೇಲೆ, 1832ರಲ್ಲಿ, ಆ ಪುಸ್ತಕ ಅಚ್ಚಾಯ್ತು. ಆದ್ರೂ ಜನ ಕ್ಯಾಸಿಯಾ ಅಂತಲೇ ಇದ್ರು. ಕೊನೆಗೆ 1982ರಲ್ಲಿ ಇರ್ವಿನ್, ಬಾರ್ನೆಬಿ ಅನ್ನೋ ಇಬ್ಬರು ಅಮೆರಿಕಾದೋರು ಕೂತು ಮನೆ ಪಾಲು ಮಾಡಿದ್ರು. ಕಕ್ಕೆ ಮರದಂಥವು ಕ್ಯಾಸಿಯಾದಲ್ಲೇ ಉಳಿದ್ವು. ತಂಗಡಿ, ತಗಚೆ, ಸೋನಾಮುಖಿ ಸೆನ್ನಾ ಮನೆಗೆ ಬಂದ್ವು. ಕೆಲವು ಸಣ್ಣ ಗಿಡ ಕಾಮೆಕ್ರಿಸ್ಟ ಅನ್ನೋ ಮೂರನೇ ಮನೆಗೆ. ಕಕ್ಕೆ ಹೂವಲ್ಲಿ ಮೂರು ಕೇಸರ ಉದ್ದಕ್ಕೆ ಕೊಕ್ಕೆ ಥರ ಬಾಗಿರುತ್ತೆ, ತಂಗಡೀಲಿ ಅಂಗೆ ಇರಲ್ಲ. ನೀವೇ ಕಿತ್ತು ನೋಡಬಹುದು.

ಇದನ್ನ ಖಾಲಾಗೆ ಹೇಳಿದಾಗ ಅವರು ನಕ್ಕಿಬಿಟ್ರು. “ಸೆನ್ನಾ ಅಂದ್ರೆ ನಮ್ಮ ಸನಾ ಅಲ್ವಾ ಬೇಟೀ?” ಅಂದ್ರು. ನಿಜ! ಆ ಲ್ಯಾಟಿನ್ ಹೆಸರು ಅರಬ್ಬಿಯ ಸನಾ ಇಂದ ಬಂದದ್ದೇ. ಮೆಕ್ಕಾಗೆ ಹೋದೋರು ಅಲ್ಲಿಂದ ತಂದು ನಮ್ಮೂರಲ್ಲಿ ಹಂಚ್ತಾರಲ್ಲ ಸನಾ ಮಕ್ಕಿ ಎಲೆ, ಹೊಟ್ಟೆ ಕಟ್ಟಿದ್ರೆ ಕುಡಿಯೋದು, ಅದೇ ನಾವು ಸೋನಾಮುಖಿ, ನೆಲಾವರಿಕೆ ಅನ್ನೋದು. ನೆಲಾವರಿಕೆ ಅಂದ್ರೆ ನೆಲದ ಆವರಿಕೆ. ನಮ್ಮ ಹಳಬರಿಗೆ ಅದು ತಂಗಡಿಯ ತಂಗಿ ಅಂತ ಯಾವ ಪುಸ್ತಕ ಇಲ್ದೇನೇ ಗೊತ್ತಿತ್ತು ನೋಡಿ. ತಮಿಳುನಾಡಿನ ತಿರುನೆಲ್ವೇಲಿ ಕಡೆ ಇದನ್ನ ಹೊಲದಲ್ಲಿ ಬೆಳ್ದು ದೇಶದೇಶಕ್ಕೆ ಕಳಿಸ್ತಾರೆ. ಇಂಗ್ಲಿಷ್ ಔಷಧಿ ಅಂಗಡೀಲೂ ಇದರ ಮಾತ್ರೆ ಸಿಗುತ್ತೆ. ಆದ್ರೆ ದಿನಾ ಕುಡಿಯೋದಲ್ಲ ಅದು. ಯಾವಾಗ್ಲೋ ಒಂದ್ಸಲ. ಬಸುರಿ ಬಾಣಂತೀರು ಕೇಳ್ದೇ ಮುಟ್ಟಬಾರ್ದು.

ಈಗ ಆ ಫೋಟೋ ವಿಷಯಕ್ಕೆ ಬರ್ತೀನಿ. ಈ ಮನೇಲಿ ಇನ್ನೂ ಇಬ್ಬರು ಇದಾರೆ. ಒಬ್ಬಳು ತಗಚೆ. ಮಳೆಗಾಲಕ್ಕೆ ಬೇಲಿ ಪಕ್ಕ ತಾನಾಗೇ ಹುಟ್ಟುತ್ತೆ. ಎಳೇ ಸೊಪ್ಪು ಸಾರು ಮಾಡೋರೂ ಅವ್ರೆ, ಹುಳುಕಡ್ಡಿಗೆ ಬೀಜ ಅರೆದು ಹಚ್ಚೋರೂ ಅವ್ರೆ. ಇನ್ನೊಬ್ಬಳು ದೊಡ್ಡ ತಗಚೆ, ತೆಲುಗಲ್ಲಿ ಕಸಿವಿಂದ. ಸಂಸ್ಕೃತದಲ್ಲಿ ಕಾಸಮರ್ದ, ಅಂದ್ರೆ ಕೆಮ್ಮನ್ನ ತುಳಿಯೋದು. ಹಳೇ ವೈದ್ಯದಲ್ಲಿ ಅದಕ್ಕೂ ಜಾಗ ಐತೆ. ಆದ್ರೆ ಅದರ ಬೀಜ ಮಕ್ಕಳ ಹೊಟ್ಟೆಗೆ ಹೋದ್ರೆ ವಿಷ.

ಉತ್ತರ ಪ್ರದೇಶದ ಬಿಜ್ನೋರ್, ಸಹಾರನ್‌ಪುರದ ಕಡೆ ವರ್ಷವರ್ಷ ಮಳೆಗಾಲ ಮುಗಿಯೋ ಹೊತ್ತಿಗೆ ಚಿಕ್ಕ ಮಕ್ಕಳಿಗೆ ವಾಂತಿ ಆಗಿ, ಎಚ್ಚರ ತಪ್ಪಿ, ಎಷ್ಟೋ ಮಕ್ಕಳು ಸಾಯೋವು. ಮೆದುಳು ಜ್ವರ ಅಂದ್ಕೊಂಡಿದ್ರು. ಬಿಜ್ನೋರಿನ ಡಾ. ವಿಪಿನ್ ವಶಿಷ್ಠ, ವೆಲ್ಲೂರಿನ ಡಾ. ಟಿ. ಜೇಕಬ್ ಜಾನ್, ಅವರ ಜೊತೆಯೋರು ಮನೆಮನೆ ವಿಚಾರಿಸಿ, ಮಕ್ಕಳು ಆಟ ಆಡ್ತಾ ಈ ಕಾಯಿ ತಿಂದಿರೋದೇ ಕಾರಣ ಇರಬೇಕು ಅಂತ 2007ರಲ್ಲಿ ಬರೆದ್ರು. ಈಲಿ, ಸ್ನಾಯು, ಮೆದುಳು ಮೂರಕ್ಕೂ ಪೆಟ್ಟು. 2016ರಲ್ಲಿ ಒಡಿಶಾದ ಮಲ್ಕಾನ್‌ಗಿರೀಲೂ ಮಕ್ಕಳು ಹಂಗೇ ಸತ್ತಾಗ ಈ ಗಿಡದ ಹೆಸರೇ ಬಂತು. ಅಲ್ಲಿ ಸೊಪ್ಪು ತಿನ್ನೋ ತಗಚೆಗೆ ಚಾಕುಂಡ, ಇದಕ್ಕೆ ಬಡಾ ಚಾಕುಂಡ ಅಂತಾರೆ. ನಮ್ಮಲ್ಲಿ ತಗಚೆ, ದೊಡ್ಡ ತಗಚೆ. ಎರಡೂ ಕಡೆ ‘ದೊಡ್ಡ’ ಅನ್ನೋ ಒಂದೇ ಮಾತು ಸೊಪ್ಪನ್ನೂ ವಿಷವನ್ನೂ ಬೇರೆ ಮಾಡ್ತಿರೋದು. ಆ ಮಾತು ಬಾಯಿಂದ ಬಿದ್ದುಹೋದ್ರೆ ಏನಾಗುತ್ತೆ ಹೇಳಿ.

ನಾನು ಆರೇಳು ವರ್ಷದೋಳಿದ್ದಾಗ ಮನೆ ಹಿಂದೆ ಅಡಿಗೆ ಆಟ ಆಡ್ತಾ ಇದರ ಕಾಯಿ ಬಿಡಿಸಿ ಚಿಪ್ಪಲ್ಲಿ ಹಾಕ್ಕೊಂಡು, “ಅವರೆಕಾಳು ಬೇಯಿಸ್ತೀನಿ” ಅಂತಿದ್ದೆ. ಅವ್ವ ಓಡಿಬಂದು ಚಿಪ್ಪು ಕಿತ್ತು ಎಸೆದು, ನನ್ನ ಬಾಯೊಳಗೆ ಬೆರಳು ಹಾಕಿ ನೋಡಿದ್ರು. ಬೆನ್ನಿಗೆ ಒಂದು ಏಟೂ ಬಿತ್ತು. “ಇದು ಬೇರೆ ಕಣೇ, ಮೂಸು” ಅಂತ ಎಲೆ ಉಜ್ಜಿ ಮೂಗಿಗೆ ಹಿಡಿದ್ರು. ಗಬ್ಬು ವಾಸನೆ. ಇವತ್ತಿಗೂ ಮರ್ತಿಲ್ಲ.

ಆದ್ರಿಂದ ನೆನಪಿಟ್ಕೊಳ್ಳಿ. ತಂಗಡಿ: ಎಲೆ ಸಣ್ಣ ಸಣ್ಣದು, ಒಂದು ಕಡ್ಡೀಲಿ ಎಂಟರಿಂದ ಹನ್ನೆರಡು ಜೊತೆ, ಬುಡದಲ್ಲಿ ಕಿವಿ, ಕಾಯಿ ಕಾಗದದಂಗೆ ತೆಳು, ಚಪ್ಪಟೆ. ತಗಚೆ: ಮೂರೇ ಜೊತೆ ಎಲೆ, ತುದಿ ದುಂಡು, ಕಾಯಿ ಕುಡುಗೋಲಂಗೆ ಬಾಗಿ ಉದ್ದ, ಸಣ್ಣ. ದೊಡ್ಡ ತಗಚೆ: ನಾಲ್ಕೈದು ಜೊತೆ ಎಲೆ, ತುದಿ ಚೂಪು, ಕಿವಿ ಇಲ್ಲ, ಉಜ್ಜಿದ್ರೆ ಗಬ್ಬು. ಮಕ್ಕಳು ಆಡೋ ಕಡೆ ಬಂದಿದ್ರೆ ಕಾಯಿ ಕಟ್ಟೋಕೆ ಮುಂಚೆ ಕಿತ್ತು ಹಾಕಿ. ಮಗು ತಿಂದೈತೆ ಅಂತ ಅನುಮಾನ ಬಂದ್ರೆ ಮನೆಮದ್ದು ಮಾಡ್ತಾ ಕೂರಬೇಡಿ. ಕಾಯಿ ಸಮೇತ ಆಸ್ಪತ್ರೆಗೆ ಓಡಿ.

ಇನ್ನು ಶುಗರ್ ಮಾತು. ಸಿದ್ಧ ವೈದ್ಯದೋರು ತಂಗಡಿ ಹೂವಿನ ಕಷಾಯ ಸಕ್ಕರೆ ಕಾಯಿಲೆಗೆ ಕೊಡ್ತಾ ಬಂದವ್ರೆ. ಇಲಿಗಳಿಗೆ ಕೊಟ್ಟು ನೋಡಿದಾಗಲೂ ರಕ್ತದ ಸಕ್ಕರೆ ಇಳೀತು ಅಂತ ಅಣ್ಣಾಮಲೈ ವಿಶ್ವವಿದ್ಯಾಲಯದೋರು 2002ರಲ್ಲಿ ಬರ್ದಿದಾರೆ. ಆದ್ರೆ ನಮ್ಮ ಚಿಕ್ಕಮ್ಮ ಇಲಿ ಅಲ್ವಲ್ಲ! ಎರಡು ವರ್ಷದ ಹಿಂದೆ ಅವರೇ ಮಾತ್ರೆ ನುಂಗಿ, ಅದರ ಮೇಲೆ ಎರಡು ಲೋಟ ತಂಗಡಿ ಕಷಾಯ ಕುಡ್ದು, ಊಟ ಬಿಟ್ಟು, ಬಚ್ಚಲಲ್ಲಿ ತಲೆ ಸುತ್ತಿ ಕೂತ್ಬಿಟ್ಟಿದ್ರು. ಸಕ್ಕರೆ ತೀರಾ ಇಳಿದಿತ್ತು. ಕಷಾಯ ಬೇಕಿದ್ರೆ ಡಾಕ್ಟರಿಗೆ ಹೇಳಿ ಕುಡೀರಿ. ಅದನ್ನ ನಂಬಿ ಮಾತ್ರೆ ಮಾತ್ರ ಬಿಡಬೇಡಿ.

ಮೊನ್ನೆ ಚಿಕ್ಕಮ್ಮನ ಸೊಸೆ ಮಗಳನ್ನ ಕರ್ಕೊಂಡು ಊರಿಗೆ ಬಂದಿದ್ಲು. ಮೂರು ಜನ ಗುಡ್ಡದ ಕಡೆ ಹೋದ್ವಿ. ನಾನು ಏನೂ ತೋರಿಸಲಿಲ್ಲ, “ಹುಡುಕು” ಅಂತಷ್ಟೇ ಅಂದೆ. ಐದು ವರ್ಷದ ಆ ಮಗು ಪೊದೆ ಪೊದೆ ಬಗ್ಗಿ ನೋಡಿ, “ದೊಡ್ಡಮ್ಮಾ, ಇದಕ್ಕೆ ಕಿವಿ ಐತೆ!” ಅಂತ ಕೂಗ್ತು. ಹೂವು ಬಿಡಿಸ್ಕೊಂಡು ಬಂದು ಖಾಲಾ ಮನೆ ಜಗಲಿ ಮೇಲೆ ನೆರಳಲ್ಲಿ ಹರವಿದೀವಿ. ಒಣಗಿದ್ಮೇಲೆ ಹೆಸರುಕಾಳು ಹಾಕಿ ಬೀಸ್ತೀನಿ. ಮೈಗೆ ಹಚ್ಚೋ ಪುಡಿ ಬೇಕಾದೋರು ಡಬ್ಬಿ ತಗೊಂಡು ಬನ್ನಿ. ಬರೋವಾಗ ನಿಮ್ಮನೆ ಮಕ್ಕಳನ್ನೂ ಕರ್ಕೊಂಡು ಬನ್ನಿ, ಗುಡ್ಡಕ್ಕೆ ಹೋಗಿ ಬರೋಣ.